ನಿರ್ಗೀತಕ್ಕೆ ಅರ್ಥವುಂಟೆ?

ಭರತನ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯದಲ್ಲಿ, ಪೂರ್ವರಂಗದ ವಿಧಿಗಳನ್ನು ಹೇಳುವ ಸಂದರ್ಭದಲ್ಲಿ, ಒಂದು ಸಣ್ಣ ಕಥೆ ಬರುತ್ತದೆ. ನಾರದನೇ ಮೊದಲಾದವರು ದೇವದಾನವರ ಸಭೆಯಲ್ಲಿ ನಿರ್ಗೀತವನ್ನು, ಎಂದರೆ ಅರ್ಥವುಳ್ಳ ಪದಗಳ ಹಂಗಿಲ್ಲದೆ ವಾದ್ಯವನ್ನೇ ಆಶ್ರಯಿಸಿ ನಿಂತ ಸಂಗೀತವನ್ನು, ಕೇಳಿಸಿದರು. ದೈತ್ಯರಿಗೂ ರಾಕ್ಷಸರಿಗೂ ಅದು ಬಹಳವಾಗಿ ಹಿಡಿಸಿತು. ದೇವತೆಗಳ ಸ್ತುತಿಯಿಂದ ತುಂಬಿದ ಗೀತ ಅವರಿಗೇ ಇರಲಿ, ತಮಗೆ ಈ ನಿರ್ಗೀತವೇ ಸಾಕೆಂದು ಅವರು ನಿಶ್ಚಯಿಸಿಕೊಂಡರು. ದೇವತೆಗಳು ಕೆರಳಿದರು; ಇದನ್ನು ನಿಲ್ಲಿಸಿಬಿಡಬೇಕೆಂದು ನಾರದನಲ್ಲಿ ದೂರಿಕೊಂಡರು. ನಾರದನು ಒಪ್ಪಲಿಲ್ಲ. ವಾದ್ಯಾಶ್ರಿತವಾದ ಈ ಸಂಗೀತ ನಾಶವಾಗಬಾರದು, ದೈತ್ಯರು ಇದರಲ್ಲಿ ಕಟ್ಟುಬಿದ್ದು ವಿಘ್ನಮಾಡದೆ ಇರುವರು ಎಂದು ಸಮಾಧಾನ ಹೇಳಿದನು. ಕಡೆಗೆ ದೈತ್ಯರ ತೃಪ್ತಿಗಾಗಿ ನಿರ್ಗೀತವೆಂದೂ ದೇವತೆಗಳ ಗೌರವಕ್ಕಾಗಿ ಬಹಿರ್ಗೀತವೆಂದೂ ಅದಕ್ಕೆ ಎರಡು ಹೆಸರುಗಳು ನಿಂತವು.

ಇದನ್ನು ಪುರಾಣದ ಚಮತ್ಕಾರವೆಂದು ದಾಟಿಹೋಗಬಹುದು. ಆದರೆ ಇದರೊಳಗೆ ಸಂಗೀತವಿಮರ್ಶೆಯ ಒಂದು ಹಳೆಯ ವ್ಯಾಜ್ಯ ಅಡಗಿದೆಯೆಂದು ನಮಗೆ ತೋರುತ್ತದೆ. ನಿರ್ಗೀತ ಕಿವಿಗೆ ಹಿತವಾಗಿಲ್ಲವೆಂದು ದೇವತೆಗಳು ಎಲ್ಲಿಯೂ ಹೇಳುವುದಿಲ್ಲ. ಅದು ಏನನ್ನೂ ಹೇಳುವುದಿಲ್ಲ, ಹೇಳದಿರುವುದರಿಂದ ಯಾರನ್ನೂ ಹೊಗಳುವುದೂ ಇಲ್ಲ ಎಂಬುದೇ ಅವರ ಅಸಮಾಧಾನದ ಮೂಲವೆಂದು ಊಹಿಸಿದರೆ ತಪ್ಪಾಗದು. ಇಂಥ ಸಂಗೀತದಲ್ಲಿ ಬಳಸುವ ಅರ್ಥರಹಿತ ಅಕ್ಷರಗಳನ್ನು ಶಾಸ್ತ್ರಕಾರರು ಶುಷ್ಕಾಕ್ಷರಗಳೆಂದು ಕರೆದರು. ಒಣಗಿದ ಅಕ್ಷರಗಳು! ಹೆಸರಿನಲ್ಲಿಯೇ ತೀರ್ಪು ಸೇರಿಕೊಂಡಿದೆ. ಆ ತೀರ್ಪು ನ್ಯಾಯವಾದುದೆ, ಮಾತಿಲ್ಲದ ಸಂಗೀತ ಕೇಳುವವನಿಗೆ ಅರ್ಥವನ್ನು ಮುಟ್ಟಿಸಬಲ್ಲುದೆ, ಬಲ್ಲುದಾದರೆ ಆ ಅರ್ಥದ ಸ್ವರೂಪವೇನು ಎಂಬುದು ಪ್ರಕೃತ ಲೇಖನದ ವಿಚಾರ.

ಈ ವಿಚಾರ ನಮ್ಮ ನಾಡಿನ ಕಚೇರಿಗಳಿಗೆ ದೂರವಾದುದಲ್ಲ. ಕರ್ಣಾಟಕ ಸಂಗೀತದಲ್ಲಿ ವಾದ್ಯಕ್ಕೆಂದೇ ಪ್ರತ್ಯೇಕವಾದ ರಚನೆಗಳು ಬಹಳ ಕಡಮೆ. ಹಾಡುವ ಕೃತಿಗಳನ್ನೇ ವೀಣೆ, ಕೊಳಲು, ಪಿಟೀಲುಗಳಲ್ಲಿ ನುಡಿಸುತ್ತಾರೆ. ವೈಣಿಕನ ಮೀಟು ಸಾಹಿತ್ಯದ ಅಕ್ಷರಗಳನ್ನು ಅನುಸರಿಸಿ ಬೀಳಬೇಕೆಂಬುದು ಶಿಕ್ಷಣದ ನಿಯಮ. ಮುಂದೆ ಕುಳಿತ ರಸಿಕನ ತುಟಿಗಳು ಆ ಮೀಟಿನೊಡನೆ ಪದಗಳನ್ನು ಸದ್ದಿಲ್ಲದೆ ಉಚ್ಚರಿಸುತ್ತಿರುತ್ತವೆ. ಅಲ್ಲಿ ಮಾತು ಇಲ್ಲವೆಂದು ಹೇಳುವಂತಿಲ್ಲ; ಅದು ವೇದಿಕೆಯಿಂದಿಳಿದು ಸಭೆಗೆ ಬಂದಿದೆ, ಅಷ್ಟೆ. ವೀಣೆ ಹಾಡಿತು ಎಂಬುದು ನಮ್ಮಲ್ಲಿ ವಾದ್ಯಗಾರನಿಗೆ ಸಲ್ಲುವ ಪರಮಪ್ರಶಂಸೆ. ಹಾಡುಗಾರನನ್ನು ಕುರಿತು, ಅವನ ಕಂಠ ವೀಣೆಯಂತೆ ನುಡಿಯಿತು ಎಂದರೆ ಅದು ನಾದದ ಶುದ್ಧಿಯನ್ನು ಮೆಚ್ಚಿದ ಮಾತಾಗುವುದೇ ಹೊರತು ಅರ್ಥದ ಮೆಚ್ಚುಗೆಯಾಗುವುದಿಲ್ಲ.

ಪದಗಳೇ ಇಲ್ಲದ ಕಡೆಯಲ್ಲಿಯೂ ಪದಗಳನ್ನು ಹುಡುಕುವ ಚಪಲ ನಮ್ಮನ್ನು ಬಿಟ್ಟಿಲ್ಲ. ತಾನದ ಅಕ್ಷರಗಳು ಅನಂತ, ಆನಂದ ಎಂಬ ಪದಗಳಿಂದ ಬಂದುವೆಂದು ವಿವರಿಸುವ ಸಂಪ್ರದಾಯವಿದೆ. ಹಿಂದೂಸ್ಥಾನಿಯಲ್ಲಿ ಇಂದೂರಿನ ಉಸ್ತಾದ್ ಅಮೀರ್ ಖಾನರು (1912–1974) ತರಾನಾದ ಬೋಲುಗಳು ನಿರರ್ಥಕವಲ್ಲ, ಅವು ಪಾರಸಿ ಮೂಲದ ಅಧ್ಯಾತ್ಮಪರವಾದ ಪದಗಳು ಎಂದು ಸಾಧಿಸಲು ಬಹಳ ಶ್ರಮಪಟ್ಟರು. ಅವರ ಗಾಯನದ ವಿಷಯದಲ್ಲಿ ನಮಗಿರುವ ಗೌರವ ಅಪಾರ. ಆದರೆ ಅವರ ತರಾನಾಗಳನ್ನು ಕೇಳಿ ತಲ್ಲೀನರಾದವರಲ್ಲಿ ಎಷ್ಟು ಮಂದಿ ಆ ಪಾರಸಿಯನ್ನು ಬಲ್ಲವರಾಗಿದ್ದರು? ವ್ಯುತ್ಪತ್ತಿ ನಿಜವೇ ಆಗಿದ್ದರೂ ಕೇಳುಗನಿಗೆ ಮುಟ್ಟಿದುದು ವ್ಯುತ್ಪತ್ತಿಯಲ್ಲ. ಒಣಗಿದ ಅಕ್ಷರಗಳಿಗೆ ನಿಘಂಟಿನ ನೀರೆರೆಯುವ ಈ ಪ್ರಯತ್ನಗಳೆಲ್ಲ ದೇವತೆಗಳ ತೀರ್ಪನ್ನು ಒಪ್ಪಿಕೊಂಡೇ ಹೊರಟಂಥವು.

ಮುಂದುವರಿಯುವ ಮುನ್ನ ಒಂದು ಬಗೆಯ ಅರ್ಥವನ್ನು ಬದಿಗಿಡುವುದು ಲೇಸು. ತಂಜಾವೂರು ಸೀಮೆಯ ದೇವಾಲಯಗಳಲ್ಲಿ ನಾಗಸ್ವರದವರು ಗಂಭೀರನಾಟ ರಾಗದಲ್ಲಿ ಮಲ್ಲಾರಿಯನ್ನು ನುಡಿಸುತ್ತಾರೆ, ಅದಕ್ಕೆ ಸಾಹಿತ್ಯವಿಲ್ಲ. ಆದರೆ ಅಭಿಷೇಕದ ತೀರ್ಥ ತರುವಾಗ ಒಂದು, ನೈವೇದ್ಯ ಬರುವಾಗ ಒಂದು, ತೇರಿಗೆ ಒಂದು ಎಂದು ಮಲ್ಲಾರಿಗಳು ಬೇರೆಬೇರೆಯಾಗಿರುವುದರಿಂದ, ಬಲ್ಲವನು ಬೀದಿಯಲ್ಲಿ ನಿಂತೇ ಒಳಗೆ ಏನು ನಡೆಯುತ್ತಿದೆಯೆಂದು ಹೇಳಬಲ್ಲನು. ನಮ್ಮ ಹಳ್ಳಿಗಳಲ್ಲಿ ತಮಟೆಯ ಹೊಡೆತ ಕೇಳಿದೊಡನೆಯೆ ಜಾತ್ರೆಯೋ ಸಾವೋ ಗೊತ್ತಾಗುತ್ತದೆ. ಇಲ್ಲಿ ಅರ್ಥ ಮುಟ್ಟುತ್ತದೆ, ಚೊಕ್ಕವಾಗಿಯೇ ಮುಟ್ಟುತ್ತದೆ. ಆದರೆ ಇದು ಸಂಕೇತ. ಊರಿನವರು ಒಪ್ಪಿದರೆ ಹೊಡೆತಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಸಂಗೀತವು ಸಂಗೀತವಾಗಿಯೇ ಮುಟ್ಟಿಸುವ ಅರ್ಥವೇನಾದರೂ ಉಂಟೆ ಎಂಬ ಪ್ರಶ್ನೆಗೆ ಇದರಿಂದ ಉತ್ತರ ದೊರೆಯದು.

ಇಲ್ಲವೆನ್ನುವವರ ಪಕ್ಷ ದುರ್ಬಲವಾದುದಲ್ಲ. ಅವರಿಗೆ ನಮ್ಮಲ್ಲಿಯೇ ಒಂದು ಒಳ್ಳೆಯ ಸಾಕ್ಷ್ಯ ಸಿಗುತ್ತದೆ. 1835ರಲ್ಲಿ ದಿವಂಗತರಾದ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕೂಡಿಸಿ ನೊಟ್ಟುಸ್ವರಗಳೆಂಬ ಕಿರುರಚನೆಗಳನ್ನು ಮಾಡಿದರು. ಅವುಗಳಲ್ಲೊಂದು ಬ್ರಿಟಿಷ್ ರಾಜಗೀತೆಯ ಧಾಟಿಯಲ್ಲಿದೆ; ದೀಕ್ಷಿತರ ಕೈಯಲ್ಲಿ ಅದು ಸಂಗೀತಶ್ಯಾಮಲೆಯ ಪ್ರಾರ್ಥನೆಯಾಯಿತು. ಅದೇ ಧಾಟಿಗೆ ಜರ್ಮನರು ತಮ್ಮ ದೊರೆಯ ಸ್ತುತಿಯನ್ನು ಹಾಡಿದರು, ರಾಜನೇ ಬೇಡವೆಂದು ಹೊರಬಂದ ಅಮೆರಿಕೆಯವರು ತಮ್ಮ ನಾಡಿನ ಸ್ತುತಿಯನ್ನು ಹಾಡಿದರು. ಲೀಖ್ಟೆನ್‌ಸ್ಟೈನ್ ಎಂಬ ಪುಟ್ಟ ರಾಜ್ಯದ ರಾಷ್ಟ್ರಗೀತೆ ಇಂದಿಗೂ ಅದೇ ಧಾಟಿಯಲ್ಲಿದೆ. ಇಂಗ್ಲೆಂಡಿನ ಅರಸನನ್ನೂ ಶ್ಯಾಮಲಾದೇವಿಯನ್ನೂ ಸಮವಾಗಿ ಹೊರುವ ಧಾಟಿ ಯಾರೊಬ್ಬರ ಹೆಸರನ್ನಾದರೂ ತಾನಾಗಿ ಹೇಳುತ್ತದೆಂದು ವಾದಿಸುವುದು ಹೇಗೆ?

ವಿಯೆನ್ನಾದ ವಿಮರ್ಶಕ ಎಡ್ವರ್ಡ್ ಹಾನ್‌ಸ್ಲಿಕ್ 1854ರಲ್ಲಿ ಪ್ರಕಟಿಸಿದ, ಸಂಗೀತದ ಸೌಂದರ್ಯವನ್ನು ಕುರಿತ ಪುಟ್ಟ ಗ್ರಂಥದಲ್ಲಿ ಈ ವಾದವನ್ನು ಅತ್ಯಂತ ತೀಕ್ಷ್ಣವಾಗಿ ಮಂಡಿಸಿದ್ದಾನೆ. ಅವನು ಎತ್ತಿಕೊಂಡ ಉದಾಹರಣೆ ಗ್ಲುಕ್ ಎಂಬ ರಚನಕಾರನ ಆರ್ಫಿಯಸ್ ಗೀತನಾಟಕದ್ದು. ಅದು ಮೊದಲು ಪ್ರಯೋಗವಾದುದು 1762ರಲ್ಲಿ, ವಿಯೆನ್ನಾದಲ್ಲಿಯೇ. ಸತ್ತ ಮಡದಿಯನ್ನು ಪಾತಾಳದಿಂದ ಕರೆತರುವ ದಾರಿಯಲ್ಲಿ ಮತ್ತೆ ಕಳೆದುಕೊಂಡ ಆರ್ಫಿಯಸ್ ಹಾಡುವ ಶೋಕಗೀತೆ ಅಲ್ಲಿ ಬರುತ್ತದೆ. ಅದನ್ನು ಕೇಳಿ ಜನ ಕಣ್ಣೀರಿಡುತ್ತಿದ್ದರೆಂದು ಹಾನ್‌ಸ್ಲಿಕ್ ಹೇಳುತ್ತಾನೆ. ಆದರೆ ಪದಗಳಲ್ಲಿ ಒಂದೆರಡನ್ನು ತಿರುಗಿಸಿ, ಕಳೆದುಕೊಂಡೆ ಎಂಬಲ್ಲಿ ಮರಳಿ ಪಡೆದೆ ಎಂದೂ ದುಃಖವೆಂಬಲ್ಲಿ ಸುಖವೆಂದೂ ಹಾಡಿದರೆ ಅದೇ ಧಾಟಿ ಅಷ್ಟೇ ಚೆನ್ನಾಗಿ, ಒಂದು ಪಕ್ಷ ಇನ್ನೂ ಚೆನ್ನಾಗಿ, ಒಪ್ಪುತ್ತದೆ. ಗ್ಲುಕ್‌ನ ಸಮಕಾಲೀನನೊಬ್ಬ ಇದನ್ನು ಆಗಲೇ ಗುರುತಿಸಿದ್ದನಂತೆ. ಹೀಗಿರಲು ಶೋಕವು ಧಾಟಿಯಲ್ಲಿ ಎಲ್ಲಿದೆ? ಪದಗಳಲ್ಲಿದ್ದುದನ್ನು ನಾವು ಸ್ವರಗಳಿಗೆ ಆರೋಪಿಸಿದೆವು, ಅಷ್ಟೆ. ಇದು ಹಾನ್‌ಸ್ಲಿಕ್‌ನ ನಿಲವು.

ಇದೇ ಪ್ರಸಂಗದಲ್ಲಿ ಹಾನ್‌ಸ್ಲಿಕ್ ಇನ್ನೊಂದು ಮಾತನ್ನೂ ಸೇರಿಸುತ್ತಾನೆ: ಇಲ್ಲಿ ರಚನಕಾರ ಪೂರ್ತಿ ನಿರ್ದೋಷಿಯಲ್ಲ, ತೀವ್ರವಾದ ದುಃಖವನ್ನು ಹೇಳಲು ಸಂಗೀತದಲ್ಲಿ ಇದಕ್ಕಿಂತ ಎಷ್ಟೋ ನಿರ್ದಿಷ್ಟವಾದ ಸ್ವರಗತಿಗಳಿವೆ ಎಂದು. ಅವನ ಓದುಗರು ಈ ವಾಕ್ಯವನ್ನು ಸಾಮಾನ್ಯವಾಗಿ ದಾಟಿಬಿಡುತ್ತಾರೆ. ನಮಗಾದರೋ ಇಡೀ ಪುಸ್ತಕದಲ್ಲಿ ಇದೇ ಅತ್ಯಂತ ಸ್ವಾರಸ್ಯವಾಗಿ ಕಂಡಿದೆ. ಸಂಗೀತಕ್ಕೆ ದುಃಖವನ್ನು ಹೇಳುವ ಶಕ್ತಿಯೇ ಇಲ್ಲದಿದ್ದರೆ ಗ್ಲುಕ್ ಅದನ್ನು ಸರಿಯಾಗಿ ಹೇಳಲಿಲ್ಲವೆಂಬ ಆಪಾದನೆಗೆ ಅವಕಾಶವೆಲ್ಲಿಯದು? ಮುಂಬಾಗಿಲಿಂದ ಹೊರಗೆ ಹಾಕಿದ ಅರ್ಥವನ್ನು ಹಾನ್‌ಸ್ಲಿಕ್ ಹಿತ್ತಿಲ ಬಾಗಿಲಿಂದ ಒಳಕ್ಕೆ ಬಿಟ್ಟುಕೊಂಡಿದ್ದಾನೆ.

ಈಗ ನಮ್ಮ ಮೀಮಾಂಸಕರ ಕಡೆಗೆ ತಿರುಗೋಣ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಧ್ವನ್ಯಾಲೋಕವನ್ನು ಬರೆದನು. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಪ್ರಕಟವಾದಂದಿನಿಂದ ಕನ್ನಡದ ವಿದ್ಯಾರ್ಥಿಗಳಿಗೆ ಧ್ವನಿಸಿದ್ಧಾಂತ ಮನೆಮಾತಾಗಿದೆ. ಪದಗಳ ವಾಚ್ಯಾರ್ಥಕ್ಕಿಂತ ಬೇರೆಯಾದ ವ್ಯಂಗ್ಯಾರ್ಥವೊಂದುಂಟು, ಕಾವ್ಯದ ಜೀವ ಅದೇ ಎಂಬುದು ಅದರ ಸಾರ. ಆದರೆ ಗ್ರಂಥದ ಮೂರನೆಯ ಉದ್ಯೋತದಲ್ಲಿ ಆನಂದವರ್ಧನನು ಎದುರಿಸುವ ಆಕ್ಷೇಪವನ್ನೂ ಅದಕ್ಕೆ ಅವನು ಕರೆತರುವ ಸಾಕ್ಷಿಯನ್ನೂ ನಮ್ಮ ಸಾಹಿತ್ಯದ ತರಗತಿಗಳಲ್ಲಿ ಸಾಕಷ್ಟು ಒತ್ತಿ ಹೇಳುವುದಿಲ್ಲ. ವ್ಯಂಜಕತ್ವವೆಂಬುದು ವಾಚಕತ್ವದ ಬಾಲವೇ ಹೊರತು ಬೇರೆಯ ಶಕ್ತಿಯಲ್ಲ ಎಂಬುದು ಆಕ್ಷೇಪ. ಅದಕ್ಕೆ ಅವನ ಉತ್ತರ: ಗೀತದ ಧ್ವನಿಗಳನ್ನು ನೋಡಿರಿ. ಅವುಗಳಿಗೆ ವಾಚಕತ್ವವಿಲ್ಲ, ಲಕ್ಷಣೆಯೂ ಇಲ್ಲ. ಆದರೂ ಅವು ರಸಾದಿಗಳನ್ನು ವ್ಯಂಜಿಸುವುದು ಲೋಕಾನುಭವ. ವಾಚಕತ್ವವಿಲ್ಲದೆಡೆಯಲ್ಲಿ ವ್ಯಂಜಕತ್ವ ಕಂಡುಬಂದ ಮೇಲೆ ಎರಡೂ ಒಂದೇ ಎನ್ನುವುದು ಹೇಗೆ ಸಾಧ್ಯ? ಅದೇ ಪ್ರಸಂಗದಲ್ಲಿ ಅವನು ಶಬ್ದವೇ ಅಲ್ಲದ ಆಂಗಿಕ ಚೇಷ್ಟೆಗಳನ್ನೂ ಸಾಕ್ಷಿಗೆ ಸೇರಿಸಿಕೊಳ್ಳುತ್ತಾನೆ.

ವಾದದ ದಿಕ್ಕನ್ನು ಗಮನಿಸಬೇಕು. ನಾವು ಸಾಮಾನ್ಯವಾಗಿ ಕಾವ್ಯಕ್ಕೆ ಅರ್ಥವಿದೆ, ಸಂಗೀತಕ್ಕೂ ಅದನ್ನು ಸಾಲವಾಗಿ ಕೊಡಬಹುದೆ ಎಂದು ಕೇಳುತ್ತೇವೆ. ಆನಂದವರ್ಧನನ ದಾರಿ ಇದಕ್ಕೆ ವಿರುದ್ಧ. ಅವನಿಗೆ ಸಂಗೀತದ ವ್ಯಂಜಕತ್ವ ವಿವಾದವಿಲ್ಲದ ಸಂಗತಿ. ಅದರ ಬಲದಿಂದ ಅವನು ಕಾವ್ಯದ ಧ್ವನಿಯನ್ನು ಸಾಧಿಸುತ್ತಾನೆ. ಸಾಲ ಪಡೆದುದು ಕಾವ್ಯ. ಧ್ವನಿಯ ಕಾರ್ಯವೆಂದರೆ ವ್ಯಂಜನೆಯಲ್ಲ ಅನುಮಾನ ಎಂದು ಹನ್ನೊಂದನೆಯ ಶತಮಾನದ ಮಹಿಮಭಟ್ಟನು ವಾದಿಸಿದ್ದಾನೆ, ನಿಜ. ಆದರೆ ಅರ್ಥ ಮುಟ್ಟುವ ಬಗೆಯನ್ನು ಕುರಿತು ಆ ಜಗಳ; ಸದ್ಯಕ್ಕೆ ಅದರ ಗೊಡವೆ ನಮಗೆ ಬೇಕಾಗಿಲ್ಲ.

ಇಷ್ಟರಿಂದ ಹಾನ್‌ಸ್ಲಿಕ್‌ಗೆ ಉತ್ತರ ದೊರೆಯಿತೆಂದು ಹಿಗ್ಗುವಂತಿಲ್ಲ. ಗೀತಧ್ವನಿಗಳು ರಸವನ್ನು ವ್ಯಂಜಿಸುತ್ತವೆಂದರೆ ಯಾವ ರಸವನ್ನು, ಹೇಗೆ? ರಸನಿಷ್ಪತ್ತಿಗೆ ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗ ಬೇಕು. ರಾಮನ ಶೋಕಕ್ಕೆ ಸೀತೆ ಆಲಂಬನ. ತೋಡಿಯ ಆಲಾಪನೆಗೆ ಆಲಂಬನವೆಲ್ಲಿದೆ? ಅಲ್ಲಿ ಸೀತೆಯಿಲ್ಲ, ಶಕುಂತಲೆಯಿಲ್ಲ, ಯಾರೂ ಇಲ್ಲ. ಮಾತಿಲ್ಲದ ಸಂಗೀತದಲ್ಲಿ ವಿಭಾವಕ್ಕೆ ಎಡೆಯೇ ಇಲ್ಲವೆಂದು ನಾವು ಮೊದಲಿಗೇ ಒಪ್ಪಿಕೊಂಡುಬಿಡುವುದು ಒಳಿತು. ಹಾಗಾದರೆ ಉಳಿಯುವುದೇನು? ಅನುಭಾವವೂ ವ್ಯಭಿಚಾರಿಯೂ ಉಳಿಯುತ್ತವೆ. ಒಂದು ಸ್ವರವನ್ನು ಮುಟ್ಟಲು ಹೋಗಿ ಮುಟ್ಟದೆ ಹಿಂದಕ್ಕೆ ಸರಿಯುವುದು, ನಡುಗುವುದು, ನಿಟ್ಟುಸಿರಿನಂತೆ ಇಳಿಯುವುದು, ಏದುತ್ತ ಮೇಲಕ್ಕೇರುವುದು, ನಿಂತ ಕಡೆಯೇ ನಿಂತುಬಿಡುವುದು, ಇವೆಲ್ಲ ದೇಹದ ಚೇಷ್ಟೆಗಳಿಗೆ ಎಷ್ಟು ಹತ್ತಿರವೆಂಬುದನ್ನು ಯಾರಾದರೂ ಗುರುತಿಸಬಲ್ಲರು. ಆನಂದವರ್ಧನನು ಗೀತವನ್ನೂ ಚೇಷ್ಟೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದುದು ಕಾಕತಾಳೀಯವಲ್ಲವೆಂದು ನಮ್ಮ ಭಾವನೆ.

ಇಲ್ಲಿ ಮಮ್ಮಟನು ನಮ್ಮ ನೆರವಿಗೆ ಬರುತ್ತಾನೆ. ಕಾವ್ಯಪ್ರಕಾಶದ ನಾಲ್ಕನೆಯ ಉಲ್ಲಾಸದಲ್ಲಿ ಅವನು ಹೇಳುವ ಮಾತು ಇದು: ವಿಭಾವಾದಿಗಳನ್ನು ಒಂದೊಂದನ್ನೇ ಬಿಡಿಯಾಗಿ ತೆಗೆದುಕೊಂಡರೆ ಅವು ಇಂಥದೇ ರಸಕ್ಕೆ ಸೇರಿದುವೆಂಬ ನಿಯಮವಿಲ್ಲ. ಹುಲಿ ಭಯಾನಕಕ್ಕೆ ವಿಭಾವವಾಗುವಂತೆಯೇ ವೀರಕ್ಕೂ ಅದ್ಭುತಕ್ಕೂ ರೌದ್ರಕ್ಕೂ ಆದೀತು. ಕಣ್ಣೀರು ಶೃಂಗಾರಕ್ಕೆ ಅನುಭಾವವಾಗುವಂತೆ ಕರುಣಕ್ಕೂ ಭಯಾನಕಕ್ಕೂ ಆಗುತ್ತದೆ. ಚಿಂತೆಯೆಂಬ ವ್ಯಭಿಚಾರಿಯ ಗತಿಯೂ ಹೀಗೆಯೇ. ಎಂದರೆ ಕಣ್ಣೀರು ಅರ್ಥಹೀನವೆಂದಾಯಿತೆ? ಹಾಗೆಂದು ಮಮ್ಮಟನು ಹೇಳಲಿಲ್ಲ, ಯಾರೂ ಹೇಳರು. ಅದು ಅನೈಕಾಂತಿಕ, ಅಷ್ಟೆ. ಯಾವುದಕ್ಕಾಗಿ ಎಂಬುದು ಗೊತ್ತಾಗುವ ತನಕ ಅದರ ಹೆಸರು ನಿಶ್ಚಯವಾಗುವುದಿಲ್ಲ. ಹಾನ್‌ಸ್ಲಿಕ್ ಗ್ಲುಕ್‌ನ ಧಾಟಿಯಲ್ಲಿ ಕಂಡುಹಿಡಿದುದು ಈ ಅನೈಕಾಂತಿಕತೆಯನ್ನೇ. ನಮ್ಮವರು ಅದನ್ನು ಎಂಟುನೂರು ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರು. ಅದರಿಂದ ಅವರು ಅನುಭಾವಕ್ಕೆ ಅರ್ಥವಿಲ್ಲವೆಂಬ ನಿರ್ಣಯಕ್ಕೆ ಬರಲಿಲ್ಲ. ಪ್ರಿಯಳನ್ನು ಕಳೆದುಕೊಂಡವನ ತೊಳಲಾಟಕ್ಕೂ ಆಗತಾನೆ ಮರಳಿ ಪಡೆದವನ ತಲ್ಲಣಕ್ಕೂ ಉಸಿರಿನ ಗತಿ ಒಂದೇ ಆಗಿರಬಹುದು. ಧಾಟಿ ಆ ಉಸಿರನ್ನು ಹೇಳಿತು. ಯೂರಿಡಿಸ್ ಇದ್ದಾಳೆಯೇ ಇಲ್ಲವೇ ಎಂಬುದನ್ನು ಹೇಳುವ ಹೊಣೆಯನ್ನು ಅದು ಹೊತ್ತೇ ಇರಲಿಲ್ಲ.

ರಾಜಗೀತೆಯ ಧಾಟಿಗೂ ಇದೇ ನ್ಯಾಯ ಸಲ್ಲುತ್ತದೆ. ದೊರೆ, ದೇವಿ, ನಾಡು ಎಂದು ಆಲಂಬನ ಬದಲಾದರೂ, ನಾವು ಬಲ್ಲ ಆ ಸಾಹಿತ್ಯಗಳೆಲ್ಲ ಎದ್ದುನಿಂತು, ಒಟ್ಟಾಗಿ, ಅವಸರವಿಲ್ಲದೆ, ತಲೆಬಾಗಿ ಹೇಳತಕ್ಕ ಮಾತುಗಳೇ. ಆ ಧಾಟಿಗೆ ವಿಡಂಬನೆಯ ಪದಗಳನ್ನು ಕಟ್ಟಿದರೆ ನಗು ಬರುತ್ತದೆ, ನಿಜ. ಧಾಟಿಯ ಗಾಂಭೀರ್ಯ ಆ ಪದಗಳಿಗೆ ಎದುರು ನಿಲ್ಲುವುದರಿಂದಲೇ ನಗು. ಏನನ್ನೂ ಹೇಳದ ಧಾಟಿ ಪದಗಳನ್ನು ಎದುರಿಸಲಾರದು.

ಹಾನ್‌ಸ್ಲಿಕ್‌ಗೆ ಅನ್ಯಾಯವಾಗಬಾರದು. ಭಾವಗಳ ಚಲನೆಯನ್ನು, ಅವುಗಳ ವೇಗ, ಮಾಂದ್ಯ, ಏರಿಳಿತಗಳನ್ನು ಸಂಗೀತ ತೋರಿಸಬಲ್ಲುದೆಂದು ಅವನೂ ಒಪ್ಪುತ್ತಾನೆ. ಚಲನೆ ಭಾವದ ಒಂದು ಗುಣ ಮಾತ್ರ, ಭಾವವೇ ಅಲ್ಲ ಎಂಬುದು ಅವನ ತಕರಾರು. ನಾವು ಅವನಿಂದ ಬೇರೆಯಾಗುವುದು ಈ ಘಟ್ಟದಲ್ಲಿ. ಭರತನು ಮೂವತ್ತಮೂರು ವ್ಯಭಿಚಾರಿಭಾವಗಳನ್ನು ಎಣಿಸಿದ್ದಾನಷ್ಟೆ. ಆ ಪಟ್ಟಿಯನ್ನು ಒಮ್ಮೆ ಸಂಗೀತದ ಕಿವಿಯಿಂದ ಓದಬೇಕು. ಆವೇಗ, ಚಪಲತೆ, ಜಡತೆ, ಗ್ಲಾನಿ, ಶ್ರಮ, ಆಲಸ್ಯ, ಔತ್ಸುಕ್ಯ, ಧೃತಿ, ಉಗ್ರತೆ, ಇವುಗಳಲ್ಲಿ ಚಲನೆ ಬರಿಯ ಗುಣವಲ್ಲ. ಅದೇ ಭಾವದ ಮೈ. ಆವೇಗದಿಂದ ವೇಗವನ್ನು ತೆಗೆದುಹಾಕಿದರೆ ಉಳಿಯುವುದೇನು? ಇಂಥವನ್ನು ವೀಣೆಯ ತಂತಿ ನೇರವಾಗಿ ಹೇಳಬಲ್ಲುದು. ಅಸೂಯೆ, ವ್ರೀಡೆ, ವಿತರ್ಕ, ಮತಿ, ಇವುಗಳನ್ನು ಹೇಳಲಾರದು. ಅಸೂಯೆಗೆ ಇನ್ನೊಬ್ಬನ ಏಳಿಗೆ ಬೇಕು, ವ್ರೀಡೆಗೆ ಇನ್ನೊಬ್ಬನ ಕಣ್ಣು ಬೇಕು. ಅವಹಿತ್ಥವಂತೂ ದೂರವೇ ಉಳಿಯಿತು: ಮರೆಮಾಚುವುದಕ್ಕೆ ಮೊದಲು ಮರೆಮಾಚತಕ್ಕ ಸಂಗತಿಯೊಂದು ಇರಬೇಕಲ್ಲವೆ? ಹೀಗೆ ಮಾತಿಲ್ಲದ ಸಂಗೀತದ ಅರ್ಥಕ್ಕೆ ಒಂದು ಎಲ್ಲೆಯನ್ನು ಹಾಕಬಹುದು. ಆ ಎಲ್ಲೆ ಕಿರಿದೆಂದು ಕಾಣಬಹುದು. ಆದರೆ ಅದರೊಳಗೆ ಸಂಗೀತ ಮಾತಿಗಿಂತ ಬಡವಲ್ಲ. ಜಡತೆಗೆ ಭಾಷೆಯಲ್ಲಿ ಇರುವುದು ಕೆಲವು ಪದಗಳು. ಒಬ್ಬ ಒಳ್ಳೆಯ ವೈಣಿಕನಲ್ಲಿ ಅದಕ್ಕೆ ನೂರು ಬಗೆಗಳಿವೆ. ಪದರಹಿತಗೀತೆಗಳೆಂದು ತನ್ನ ಪಿಯಾನೊ ರಚನೆಗಳಿಗೆ ಹೆಸರಿಟ್ಟ ಮೆಂಡೆಲ್ಸನ್, ಅವುಗಳ ಅರ್ಥವೇನೆಂದು ಕೇಳಿದವನಿಗೆ 1842ರಲ್ಲಿ ಬರೆದ ಕಾಗದದಲ್ಲಿ, ಸಂಗೀತದ ಭಾವನೆಗಳು ಮಾತಿಗೆ ಸಿಗದಿರುವುದು ಅವು ಅಸ್ಪಷ್ಟವಾಗಿರುವುದರಿಂದಲ್ಲ, ಅತಿ ನಿರ್ದಿಷ್ಟವಾಗಿರುವುದರಿಂದ ಎಂಬ ಅಭಿಪ್ರಾಯವನ್ನು ಕೊಟ್ಟಿದ್ದಾನೆ. ಇದನ್ನು ಕಲಾವಿದನ ಅತಿಶಯೋಕ್ತಿಯೆಂದು ತಳ್ಳಿಹಾಕುವುದು ಸುಲಭ; ಮೇಲಿನ ಎಲ್ಲೆಯೊಳಗೆ ಇಟ್ಟು ನೋಡಿದರೆ ಅದು ಬರಿಯ ವಾಸ್ತವ.

ಈ ದೃಷ್ಟಿಯನ್ನು ಒಪ್ಪಿದರೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ಪದ್ಧತಿಯನ್ನು ಬಿಡಬೇಕಾಗುತ್ತದೆ. ಷಡ್ಜ ಋಷಭಗಳು ವೀರ ರೌದ್ರ ಅದ್ಭುತಗಳಿಗೆ, ಗಾಂಧಾರ ನಿಷಾದಗಳು ಕರುಣಕ್ಕೆ, ಮಧ್ಯಮ ಪಂಚಮಗಳು ಹಾಸ್ಯ ಶೃಂಗಾರಗಳಿಗೆ, ಧೈವತ ಬೀಭತ್ಸ ಭಯಾನಕಗಳಿಗೆ ಎಂಬ ನಾಟ್ಯಶಾಸ್ತ್ರದ ಹಂಚಿಕೆಯನ್ನೂ ಅದರ ಮಾದರಿಯಲ್ಲಿ ಮುಂದೆ ಬೆಳೆದ ರಾಗರಸಗಳ ಪಟ್ಟಿಗಳನ್ನೂ ಪಠ್ಯಪುಸ್ತಕಗಳು ಇಂದಿಗೂ ಒಪ್ಪಿಸುತ್ತಿವೆ. ಭರತನು ಹೇಳಿದುದು ನಾಟಕದ ಸಂಗೀತಕ್ಕೆ. ರಂಗದ ಮೇಲೆ ವಿಭಾವ ಕಣ್ಣೆದುರಿಗೇ ಇತ್ತು. ಸಂಗೀತಕ್ಕೆ ಅದರೊಡನೆ ಹೊಂದಿಕೊಳ್ಳುವುದಷ್ಟೇ ಕೆಲಸ. ಆ ಪಟ್ಟಿಯನ್ನು ರಂಗದಿಂದ ಕಿತ್ತು ಕಚೇರಿಗೆ ಅಂಟಿಸಿದರೆ ಅದು ನಿಲ್ಲದು. ಮುಖಾರಿ ಶೋಕದ ರಾಗವೆಂದು ಮಕ್ಕಳಿಗೂ ಗೊತ್ತು. ಆದರೆ ತ್ಯಾಗರಾಜರು ಆ ರಾಗದಲ್ಲಿ ರಚಿಸಿದ ಕೃತಿಗಳೆಲ್ಲ ಅಳುವಿನವಲ್ಲ. ಹಿಂದೂಸ್ಥಾನಿಯ ಮಾರವಾ, ಪೂರಿಯಾ, ಸೋಹನಿಗಳಿಗೆ ಸ್ವರಗಳು ಅವೇ ಆರು. ಪೂರಿಯಾ ಮಂದ್ರದಲ್ಲಿ ಗಾಂಧಾರ ನಿಷಾದಗಳನ್ನು ಆಶ್ರಯಿಸಿ ತಂಗುತ್ತದೆ. ಸೋಹನಿ ತಾರಷಡ್ಜದ ಸುತ್ತ ಚಿಮ್ಮುತ್ತದೆ. ಮಾರವಾ ಕೋಮಲ ಋಷಭ ಧೈವತಗಳ ಮೇಲೆ ನಿಂತು, ಷಡ್ಜ ಸಮೀಪದಲ್ಲಿಯೇ ಇದ್ದರೂ, ಅದನ್ನು ಮುಟ್ಟಲು ಒಲ್ಲದು. ಈ ಮೂರರ ಅರ್ಥಭೇದ ಸ್ವರಗಳಲ್ಲಿಲ್ಲ, ನಡೆಯಲ್ಲಿದೆ. ಸ್ವರಕ್ಕೊಂದು ರಸವೆಂದು ಹಂಚಿದ ಪಟ್ಟಿ ಇವುಗಳ ಮುಂದೆ ಮೂಕವಾಗುತ್ತದೆ.

ಇಲ್ಲಿ ಇನ್ನೊಂದು ಶಂಕೆ ಏಳಬಹುದು. ಇದೆಲ್ಲ ನಮ್ಮ ಸಂಸ್ಕಾರದ ಫಲವೇ ಹೊರತು ಸಂಗೀತದ ಗುಣವಲ್ಲ. ಚಿಕ್ಕಂದಿನಿಂದ ಕೇಳಿ ರೂಢಿಯಾದುದನ್ನು ಅರ್ಥವೆಂದು ಕರೆಯುತ್ತಿದ್ದೇವೆ, ಎಂದು. ಇದನ್ನು ಪರೀಕ್ಷಿಸಿದವರಿದ್ದಾರೆ. 1999ರಲ್ಲಿ ಪ್ರಕಟವಾದ ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ ಎಂಬ ವಿದ್ವಾಂಸರ ಅಧ್ಯಯನದಲ್ಲಿ, ಹಿಂದೂಸ್ಥಾನಿ ಸಂಗೀತದ ಪರಿಚಯವಿಲ್ಲದ ಪಾಶ್ಚಾತ್ಯ ಶ್ರೋತೃಗಳಿಗೆ ರಾಗಗಳನ್ನು ಕೇಳಿಸಿ ಭಾವವನ್ನು ಗುರುತಿಸಲು ಹೇಳಲಾಯಿತು. ಹರ್ಷ, ವಿಷಾದ, ಕ್ರೋಧಗಳನ್ನು ಅವರು ಗುರುತಿಸಿದರು. ಶಾಂತಿಯನ್ನು ಗುರುತಿಸಲಾರದೆ ಹೋದರು. 2009ರಲ್ಲಿ ಕ್ಯಾಮರೂನಿನ ಮಾಫಾ ಜನರಲ್ಲಿ ನಡೆದ ಅಧ್ಯಯನವೂ ಇದಕ್ಕೆ ಸಮೀಪವಾದ ಫಲವನ್ನು ಕೊಟ್ಟಿತು: ಪಾಶ್ಚಾತ್ಯ ಸಂಗೀತವನ್ನು ಕೇಳಿಯೇ ಇರದ ಅವರು ಅದರಲ್ಲಿ ಸಂತೋಷ, ದುಃಖ, ಭಯಗಳನ್ನು ಬರಿಯ ಊಹೆಗಿಂತ ಹೆಚ್ಚಿನ ಪ್ರಮಾಣದಲ್ಲಿ ಗುರುತಿಸಿದರು. ಇಂಥ ಪ್ರಯೋಗಗಳನ್ನು ಕಂಡು ಸಂಗೀತ ವಿಶ್ವಭಾಷೆಯೆಂದು ಘೋಷಿಸುವವರ ಜೊತೆಗೆ ನಾವು ಸೇರುವುದಿಲ್ಲ. ಗಡಿ ದಾಟಿದುದು ಯಾವುದು ಎಂಬುದೇ ಸ್ವಾರಸ್ಯ. ವೇಗ, ಬಿರುಸು, ಒರಟು, ಇಳಿತ ಎಂಬ, ಮೈಯ ಚೇಷ್ಟೆಗೆ ಹತ್ತಿರವಾದ ಲಕ್ಷಣಗಳುಳ್ಳ ಭಾವಗಳು ದಾಟಿದುವು. ಶಾಂತ ಉಳಿದುಹೋಯಿತು. ಶಾಂತಕ್ಕೆ ಹೊರಗೆ ಕಾಣುವ ವ್ಯಾಪಾರವಿಲ್ಲವಾದ್ದರಿಂದ ಅದು ನಾಟಕದಲ್ಲಿ ಸಲ್ಲದೆಂದು ದಶರೂಪಕಕಾರನು ಬಿಟ್ಟುಬಿಟ್ಟುದು ಇಲ್ಲಿ ನೆನಪಾಗುತ್ತದೆ. ಅನುಭಾವ ಕ್ಷೀಣವಾದೆಡೆಯಲ್ಲಿ ಪರಕೀಯನ ಕಿವಿಗೆ ಹಿಡಿತ ಸಿಗುವುದಿಲ್ಲ.

ಆದುದರಿಂದ ಸಂಸ್ಕಾರದ ಪಾತ್ರವನ್ನು ನಾವು ಅಲ್ಲಗಳೆಯಬೇಕಾಗಿಲ್ಲ. ಭಾಷೆಯನ್ನಾದರೂ ನಾವು ಕಲಿತೇ ಅರಿಯುವುದು. ಕಲಿತುದರಿಂದ ಅದು ಅರ್ಥವಲ್ಲವೆಂದು ಯಾರೂ ಹೇಳುವುದಿಲ್ಲ. ಅಮೆರಿಕದ ಲಿಯೊನಾರ್ಡ್ ಮೇಯರ್ 1956ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಶೈಲಿಯನ್ನು ಬಲ್ಲ ಶ್ರೋತೃವಿನ ಮನಸ್ಸಿನಲ್ಲಿ ಎದ್ದ ನಿರೀಕ್ಷೆ ತಡೆಯಲ್ಪಟ್ಟಾಗ ಸಂಗೀತದಲ್ಲಿ ಭಾವವೂ ಅರ್ಥವೂ ಹುಟ್ಟುತ್ತವೆಂದು ಪ್ರತಿಪಾದಿಸಿದನು. ಮಾರವಾದಲ್ಲಿ ಷಡ್ಜಕ್ಕಾಗಿ ಕಾದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಷಡ್ಜ ಬರಬೇಕಾದ ಕಡೆಯನ್ನು ಬಲ್ಲವನಿಗೆ ಮಾತ್ರ ಅದು ಬಾರದಿರುವುದು ಕೇಳಿಸುತ್ತದೆ. ಆನಂದವರ್ಧನನು ಧ್ವನಿಗೆ ಸಹೃದಯನನ್ನು ಪ್ರಮಾಣವಾಗಿ ಇಟ್ಟುಕೊಂಡುದೂ ಇದೇ ಕಾರಣದಿಂದ. ಮೇಯರನ ವಿವರಣೆ ಪಾಶ್ಚಾತ್ಯ ಸಂಗೀತಕ್ಕಿಂತಲೂ ನಮ್ಮ ಆಲಾಪನೆಗೆ ಹೆಚ್ಚು ಚೆನ್ನಾಗಿ ಸಲ್ಲುತ್ತದೆಂದು ನಮಗೆ ಹಲವು ಸಲ ಅನ್ನಿಸಿದೆ.

ಇನ್ನು ಮೈಸೂರಿನ ವಿಷಯ. ವೀಣೆ ಶೇಷಣ್ಣನವರಿಂದ (1852–1926) ಖ್ಯಾತವಾದ ಮೈಸೂರು ಬಾನಿ, ಗಾಯನವನ್ನು ನೆರಳಿನಂತೆ ಅನುಸರಿಸುವ ತಂಜಾವೂರು ಬಾನಿಗಿಂತ, ವಾದ್ಯದ ಸ್ವಂತ ಗುಣಗಳಿಗೆ, ಮೀಟಿನ ಬೆಡಗಿಗೆ, ಹೆಚ್ಚು ಎಡೆಗ್ಗೊಟ್ಟ ಬಾನಿಯೆಂಬುದು ತಿಳಿದ ಸಂಗತಿ. ಶೇಷಣ್ಣನವರ ಶಿಷ್ಯರಾದ ವೀಣೆ ವೆಂಕಟಗಿರಿಯಪ್ಪನವರು (1887–1952) ನಗ್ಮಾ ಎಂಬ ವಾದ್ಯರಚನೆಗಳನ್ನು ಮಾಡಿದರು. ಅವರ ಶಿಷ್ಯರಾದ ದೊರೆಸ್ವಾಮಿ ಅಯ್ಯಂಗಾರ್ಯರ (1920–1997) ಕೈಯಲ್ಲಿ ಬಾನಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ನಡೆದುಬಂದಿತು. ವೀಣೆ ಹಾಡಬೇಕೆಂಬ ಅಳತೆಗೋಲಿನಿಂದ ಅಳೆದರೆ ಈ ಬಾನಿ ಎಲ್ಲಿಯೋ ಒಂದು ಕಡೆ ಕೊರತೆಯುಳ್ಳದ್ದಾಗಿ ಕಾಣಲೇಬೇಕು. ಬೆರಳುಗಳ ಚಾತುರ್ಯ ಬಹಳ, ಭಾವ ಸಾಲದು ಎಂಬ ಮಾತು ಇಂಥ ವಾದನದ ಮೇಲೆ ಬಂದುಬಿಡುವುದು ಸುಲಭ. ಆ ಮಾತನ್ನಾಡುವ ವಿಮರ್ಶಕನು ಭಾವವೆಂದರೆ ಸಾಹಿತ್ಯದ ಭಾವವೆಂದೇ ತಿಳಿದಿರುತ್ತಾನೆ. ನಗ್ಮಾಕ್ಕೆ ಹಾಡುವ ಸಾಹಿತ್ಯವಿಲ್ಲ. ರಸಿಕನ ತುಟಿಗಳಿಗೆ ಅಲ್ಲಿ ಕೆಲಸವಿಲ್ಲ. ಮೀಟು ಅಕ್ಷರವನ್ನು ಕಾಯಬೇಕಾಗಿಲ್ಲದುದರಿಂದ ಅದು ದಟ್ಟವಾಗಬಹುದು, ವಿರಳವಾಗಬಹುದು, ಗತಿಯನ್ನು ತಾನೇ ಮುರಿದು ತಾನೇ ಕೂಡಿಸಬಹುದು. ತಾನವೂ ಹೀಗೆಯೇ: ತಾಳವಿಲ್ಲದಿದ್ದರೂ ಮಿಡಿತವಿರುವ ಆ ವಿಚಿತ್ರ ನಡೆಯಲ್ಲಿ ಔತ್ಸುಕ್ಯ ಆವೇಗವಾಗುವುದನ್ನೂ, ಆವೇಗ ತನ್ನ ಭಾರದಿಂದಲೇ ಧೃತಿಗೆ ಇಳಿಯುವುದನ್ನೂ ಹೆಜ್ಜೆಹೆಜ್ಜೆಯಾಗಿ ಗುರುತಿಸಲು ಬರುತ್ತದೆ. ಅನಂತವೆಂಬ ಪದವನ್ನು ಅದಕ್ಕೆ ತೊಡಿಸುವುದಕ್ಕಿಂತ ಈ ಹೆಜ್ಜೆಗಳನ್ನು ಬರೆದಿಡುವುದು ಕಷ್ಟದ ಕೆಲಸ.

ದೊರೆಸ್ವಾಮಿ ಅಯ್ಯಂಗಾರ್ಯರ ವಾದನದ ಧ್ವನಿಮುದ್ರಣಗಳು ಉಳಿದಿವೆ. ಕೃತಿಗಳನ್ನು ಬದಿಗಿಟ್ಟು, ಅವುಗಳಲ್ಲಿ ಸಿಗುವ ತಾನಗಳಿಂದಲೂ ನಗ್ಮಾಗಳಿಂದಲೂ ಈ ಕೆಲಸವನ್ನು ಆರಂಭಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.